ಸಂಪಾದಕರ ಉತ್ತರ: ರೊಟ್ಟಿ ಒಂದೇ, ತುಂಡು ಜಾಸ್ತಿ

ಹುಬ್ಬಳ್ಳಿಯ ವಿದ್ಯಾನಗರದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ ಬಿಜೆಪಿ 33ರಿಂದ 39ಕ್ಕೆ ಏರಿತು ಅಂತ ನಿಮ್ಮ ಪಟ್ಟಿ ಹೇಳುತ್ತದೆ. ವಾರ್ಡುಗಳೇ 67ರಿಂದ 82 ಆಗಿವೆಯಲ್ಲ, ಇದು ಏರಿಕೆಯೋ ಇಳಿಕೆಯೋ? ನಮ್ಮ ವಾರ್ಡಿನ ನಂಬರೂ ಬದಲಾಗಿದೆ. ಹಳೆಯ ಯಾವ ವಾರ್ಡಿನ ಜೊತೆ ಹೋಲಿಸೋದು?’

ತಪ್ಪು ನಮ್ಮದೇ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬಾಣದ ಗುರುತು ಹಾಕಿಬಿಟ್ಟೆವು. 2013ರ ಚುನಾವಣೆಯಲ್ಲಿ 67ಕ್ಕೆ 33 ಅಂದರೆ ನೂರಕ್ಕೆ 49. 2021ರಲ್ಲಿ 82ಕ್ಕೆ 39 ಅಂದರೆ ಸುಮಾರು 48. ಏರಿದ್ದೇನೂ ಇಲ್ಲ, ಕೂದಲೆಳೆಯಷ್ಟು ಇಳಿದಿದೆ. ಕಾಂಗ್ರೆಸ್ 22ರಿಂದ 33ಕ್ಕೆ ಹೋಯಿತು. ಅದು ನಿಜವಾದ ಏರಿಕೆ, ನೂರಕ್ಕೆ 33 ಇದ್ದದ್ದು 40 ಆಯಿತು. ಜೆಡಿಎಸ್ 9ರಿಂದ 1ಕ್ಕೆ ಬಂತು. ಅದಕ್ಕೆ ಲೆಕ್ಕ ಬೇಕಾಗಿಲ್ಲ.

ಆದರೆ ಇದು ಸೀಟಿನ ಪಾಲು, ಮತದ ಪಾಲಲ್ಲ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. 67 ವಾರ್ಡಿಗೆ ಹಂಚಿದರೆ ತಲಾ 14 ಸಾವಿರ, 82ಕ್ಕೆ ಹಂಚಿದರೆ 11,500. ರೊಟ್ಟಿ ಅಷ್ಟೇ ಇದೆ, ತುಂಡು ಜಾಸ್ತಿ ಆಗಿವೆ. ಒಂದು ಗಲ್ಲಿ ಪಕ್ಕದ ವಾರ್ಡಿಗೆ ಹೋದರೆ ಸಾಕು, ಒಬ್ಬ ಮತದಾರನೂ ಮನಸ್ಸು ಬದಲಿಸದೆ ಫಲಿತಾಂಶ ಬದಲಾಗಬಹುದು.

ಹಾಗಾಗಿ ವಾರ್ಡ್ ನಂಬರು ಹಿಡಿದು ಹೋಲಿಸಬೇಡಿ, ಮತಗಟ್ಟೆ ಹಿಡಿಯಿರಿ. ಹಳೆಯ ಚುನಾವಣೆಯ ಮತಗಟ್ಟೆವಾರು ಎಣಿಕೆ ತೆಗೆದುಕೊಳ್ಳಿ. ಮತದಾರರ ಪಟ್ಟಿ ನೋಡಿ, ಆ ಗಲ್ಲಿಗಳು ಈಗ ಯಾವ ವಾರ್ಡಿನಲ್ಲಿವೆ ಅಂತ ಹುಡುಕಿ, ಹೊಸ ಗಡಿಯೊಳಗೆ ಹಳೆ ಮತಗಳನ್ನು ಕೂಡಿಸಿ. ಒಂದೇ ಮತಗಟ್ಟೆ ಎರಡು ವಾರ್ಡಿಗೆ ಹರಿದು ಹೋಗಿದ್ದರೆ ಮತದಾರರ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳಬೇಕು. ಅಲ್ಲಿ ಅಂದಾಜು ಬಂದೇ ಬರುತ್ತದೆ. ಒಂದು ವಾರ್ಡಿಗೆ ಎರಡು ಸಂಜೆಯಾದರೂ ಬೇಕು, ಚಹಾ ಸಹಿತ!

ಇಷ್ಟು ಮಾಡಿದರೂ ಎರಡು ಕಡೆ ಎಡವುತ್ತೇವೆ. ಮೀಸಲಾತಿ ಬದಲಾದರೆ ಹಾಲಿ ಸದಸ್ಯರು ಪಕ್ಕದ ವಾರ್ಡಿಗೆ ಜಿಗಿಯುತ್ತಾರೆ, ಇಲ್ಲವೇ ಮನೆಯವರನ್ನು ನಿಲ್ಲಿಸುತ್ತಾರೆ. ನಮ್ಮಲ್ಲಿ ಪಕ್ಷಕ್ಕಿಂತ ನಳಕ್ಕೆ ನೀರು ಬಿಡಿಸಿದವರ ಮುಖ ನೋಡಿ ವೋಟು ಹಾಕುವವರೇ ಜಾಸ್ತಿ, ಅಲ್ವಾ? ಇನ್ನೊಂದು, 2013ರ ಅಂಕಿಯೇ ಸ್ವಲ್ಪ ಸೊಟ್ಟ. ಆಗ ಬಿಜೆಪಿ ತೊರೆದಿದ್ದ ಯಡಿಯೂರಪ್ಪನವರ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಬೇರೆಯಾಗಿ ಕಣದಲ್ಲಿತ್ತು, ಮರುವರ್ಷ ಅವರು ಬಿಜೆಪಿಗೆ ಮರಳಿದರು. ಬಿಜೆಪಿಯ ಮತ ಹೋಲಿಸುವಾಗ ಕೆಜೆಪಿ ಮತವನ್ನು ಎಲ್ಲಿ ಇಡುತ್ತೀರಿ? ನಾನಾದರೆ ಬೇರೆ ಸಾಲಿನಲ್ಲೇ ಇಡುತ್ತೇನೆ.

82ಕ್ಕೆ 39 ಬಹುಮತವಲ್ಲ, ಮೇಯರ್ ಹೇಗೆ ಬಿಜೆಪಿಯವರಾದರು ಅಂತಲೂ ಕೇಳಿದ್ದೀರಿ. ಮೇಯರ್ ಆಯ್ಕೆಯಲ್ಲಿ ಸಂಸದರು, ಶಾಸಕರಿಗೂ ಮತ ಇದೆ. ಸದಸ್ಯರ ತಲೆ ಎಣಿಸಿದರಷ್ಟೇ ಸಾಲದು.

ಇನ್ನು ಮುಂದಿನ ಸಲದ ಗೊಂದಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಆ ಯೋಜನೆಯಲ್ಲಿ 26 ವಾರ್ಡು ಧಾರವಾಡಕ್ಕೆ, 56 ಹುಬ್ಬಳ್ಳಿಗೆ. ವಾರ್ಡುಗಳು ಇಡಿಯಾಗಿ ಹೋದರೆ ಹೋಲಿಕೆ ಸುಲಭ, 39ರಲ್ಲಿ ಎಷ್ಟು ಆ 26ರಿಂದ ಬಂದಿದ್ದವು ಅಂತ ಬಿಡಿಸಿದರೆ ಆಯಿತು. ಎರಡೂ ಕಡೆ ಹೊಸದಾಗಿ ಗಡಿ ಎಳೆದರೆ ಮತ್ತೆ ಮತಗಟ್ಟೆಯ ಹಾಳೆಗಳೇ ಗತಿ. 2021ರವು ಎಲ್ಲಾದರೂ ಸಿಕ್ಕರೆ ಈಗಲೇ ನಕಲು ತೆಗೆದಿಟ್ಟುಕೊಳ್ಳಿ, ನಮಗೂ ಒಂದು ಪ್ರತಿ ಕಳಿಸಿ.