ಆಟಿಸಂ ಇರುವ ಮಗುವಿಗೆ ರಜೆಯಲ್ಲಿ ಕಿರಿಕಿರಿ ಜಾಸ್ತಿ ಆಗುವುದು ಯಾಕೆ? ಮನೆಯಲ್ಲಿ ಏನು ಮಾಡಬಹುದು?

ಶಾಲೆಯಿಂದ ಸಿಗುತ್ತಿದ್ದ ದಿನದ ಕ್ರಮ ಒಮ್ಮೆಲೇ ನಿಂತುಹೋಗುವುದೇ ಮುಖ್ಯ ಕಾರಣ. ನಮಗೆ ರಜೆ ಅಂದರೆ ಬಿಡುವು. ಈ ಮಕ್ಕಳಲ್ಲಿ ಅನೇಕರಿಗೆ ಅದು ಮುಂದೇನು ಅಂತ ಗೊತ್ತಿಲ್ಲದ ಇಡೀ ದಿನ.

ಸುತ್ತಲಿನ ಸದ್ದು, ಬೆಳಕು, ಮಾತುಗಳಲ್ಲಿ ಬೇಕಾದ್ದನ್ನಷ್ಟೇ ಸೋಸಿ ತೆಗೆದುಕೊಳ್ಳುವುದು ಅವರಿಗೆ ಹೆಚ್ಚಾಗಿ ಕಷ್ಟ. ಮುಂದೆ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಆ ಹೊರೆ ಸ್ವಲ್ಪ ಇಳಿಯುತ್ತದೆ. ರಜೆಯಲ್ಲಿ ಆ ಆಸರೆ ತಪ್ಪುತ್ತದೆ, ಮೇಲೆ ನೆಂಟರು, ಪ್ರಯಾಣ, ಗದ್ದಲ ಬೇರೆ. ಆಗಿನ ಅಳು, ಕಿರುಚಾಟವನ್ನು ಹಟ ಅಂತ ತಿಳಿಯಬೇಡಿ. ಬಹಳ ಸಲ ಅದು ತಡೆಯಲಾಗದೆ ಹೊರಬಂದ ಒತ್ತಡ. ಆ ಹೊತ್ತಿನಲ್ಲಿ ಗದರಿಕೆಯೂ ಬೇಡ, ಬುದ್ಧಿಮಾತೂ ಬೇಡ. ಮಾತು ಕಡಿಮೆ ಮಾಡಿ, ಸದ್ದಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ.

ಗಂಟೆಗಂಟೆಯ ಟೈಮ್‌ಟೇಬಲ್ ಬೇಕಿಲ್ಲ. ಏಳುವ, ಉಣ್ಣುವ, ಮಲಗುವ ಹೊತ್ತು ಆದಷ್ಟು ಬದಲಾಗದಿರಲಿ. ನಡುವಿನ ಕೆಲಸಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ, ಮುಗಿದದ್ದನ್ನು ಮಗುವೇ ತೆಗೆಯಲಿ. ಹೇಳಿದ ಮಾತು ಆ ಕ್ಷಣಕ್ಕೆ ಮುಗಿಯುತ್ತದೆ, ಚಿತ್ರ ಕಣ್ಣೆದುರೇ ಇರುತ್ತದೆ ಅಲ್ವಾ? ಚೆನ್ನಾಗಿ ಮಾತಾಡುವ ಮಕ್ಕಳಿಗೂ ಇದು ನೆರವಾಗುತ್ತದೆ. ಹೊಸ ಜಾಗಕ್ಕೆ ಹೋಗುವುದಿದ್ದರೆ ಮೊದಲೇ ಫೋಟೊ ತೋರಿಸಿ. ವಾಪಸ್ ಬರುವುದು ಯಾವಾಗ ಎಂದೂ ಹೇಳಿ.

ಇದೇ ಚಿತ್ರಪಟ್ಟಿಯನ್ನು ತರಗತಿಯಲ್ಲೂ ಬಳಸುವಂತೆ ಟೀಚರ್ ಹತ್ತಿರ ಕೇಳಿ. ಮನೆಯಲ್ಲೊಂದು, ಶಾಲೆಯಲ್ಲೊಂದು ರೀತಿ ಆದರೆ ಮಗು ಎರಡೆರಡು ಸಲ ಕಲಿಯಬೇಕಾಗುತ್ತದೆ. ಸಾಧ್ಯವಾದರೆ ಶಾಲೆ ಶುರುವಾಗುವ ಮುಂಚೆ ಹೊಸ ತರಗತಿಯನ್ನು ಒಮ್ಮೆ ತೋರಿಸಿಕೊಂಡು ಬನ್ನಿ.