ದಿನಾ ಗೀತೆ ಓದುವವರು ಯಾಕೆ ಕಡಿಮೆ, ಓದಲು ಹೊರಟವರು ಎಲ್ಲಿ ನಿಲ್ಲುತ್ತಾರೆ

ನೀವು ಕೇಳಿರುವುದು ಎರಡು ಪ್ರಶ್ನೆ. ಕ್ರೈಸ್ತ ಗೆಳೆಯರ ಮನೆಯಲ್ಲಿ ದಿನಾ ಬೈಬಲ್ ಓದುತ್ತಾರೆ, ನಮ್ಮಲ್ಲಿ ಅಂಥ ರೂಢಿ ಯಾಕಿಲ್ಲ ಎನ್ನುವುದು ಒಂದು. ಗೀತೆ ಓದೋಣ ಅಂತ ಎರಡು ಸಲ ಹಿಡಿದರೂ ಎರಡು ಸಲವೂ ಮೊದಲ ಅಧ್ಯಾಯದಲ್ಲೇ ಯಾಕೆ ನಿಂತಿತು ಎನ್ನುವುದು ಇನ್ನೊಂದು. "ಜನಕ್ಕೆ ಶ್ರದ್ಧೆ ಇಲ್ಲ, ಮೊಬೈಲ್ ಬಂತು, ಎಲ್ಲ ಹಾಳಾಯಿತು" ಎಂಬ ಉತ್ತರ ಇಷ್ಟರಲ್ಲಿ ನಿಮಗೆ ಹತ್ತು ಕಡೆ ಸಿಕ್ಕಿರುತ್ತದೆ. ನಾನದನ್ನು ಒಪ್ಪುವುದಿಲ್ಲ. ಮೊಬೈಲ್ ಬರುವ ಮುಂಚೆಯೂ ನಮ್ಮವರು ಗ್ರಂಥ ಬಿಚ್ಚಿಕೊಂಡು ಒಬ್ಬರೇ ಕೂತು ಓದುತ್ತಿರಲಿಲ್ಲ. ಹೇಳುತ್ತಿದ್ದರು, ಕೇಳುತ್ತಿದ್ದರು.

ವೇದವನ್ನೇ ತೆಗೆದುಕೊಳ್ಳಿ. ಅದನ್ನು ಕಲಿಯುತ್ತಿದ್ದುದು ಗುರುವಿನ ಬಾಯಿಂದ. ಪುಸ್ತಕ ನೋಡಿ ಓದುವುದು ಅಲ್ಲಿ ದೋಷ. ವೇದದ ಉಚ್ಚಾರಣೆಯ ನಿಯಮ ಹೇಳುವ ಪಾಣಿನೀಯ ಶಿಕ್ಷೆ ಎಂಬ ಗ್ರಂಥದ ಒಂದು ಶ್ಲೋಕ ಹೀಗಿದೆ: "ಗೀತೀ ಶೀಘ್ರೀ ಶಿರಃಕಂಪೀ ತಥಾ ಲಿಖಿತಪಾಠಕಃ, ಅನರ್ಥಜ್ಞೋಽಲ್ಪಕಂಠಶ್ಚ ಷಡೇತೇ ಪಾಠಕಾಧಮಾಃ". ರಾಗ ಎಳೆಯುವವನು, ಗಡಿಬಿಡಿ ಮಾಡುವವನು, ತಲೆ ಆಡಿಸುವವನು, ಬರೆದದ್ದನ್ನು ನೋಡಿ ಓದುವವನು, ಅರ್ಥ ತಿಳಿಯದವನು, ದನಿ ಏಳದವನು, ಈ ಆರು ಜನ ಪಾಠಕರಲ್ಲಿ ಅಧಮರು. ಪುಸ್ತಕ ಹಿಡಿದವನು ಪಟ್ಟಿಯಲ್ಲಿ ನಾಲ್ಕನೆಯವನು. ಸಾವಿರಾರು ವರ್ಷ ಹೀಗೆ ನಡೆದುಕೊಂಡು ಬಂದ ಕಡೆ "ಬೆಳಿಗ್ಗೆ ಎದ್ದು ಎರಡು ಪುಟ ಓದು" ಎಂಬ ಅಭ್ಯಾಸ ಹುಟ್ಟುವುದಾದರೂ ಹೇಗೆ?

ಹಾಗಂತ ದಿನನಿತ್ಯದ ಅಧ್ಯಯನ ಇರಲೇ ಇಲ್ಲ ಅಂತಲ್ಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರು ಶಿಷ್ಯನನ್ನು ಕಳಿಸಿಕೊಡುವಾಗ "ಸ್ವಾಧ್ಯಾಯಾನ್ಮಾ ಪ್ರಮದಃ", ಅಂದರೆ ಸ್ವಾಧ್ಯಾಯದಲ್ಲಿ ಉದಾಸೀನ ಮಾಡಬೇಡ ಎನ್ನುತ್ತಾನೆ. ಗೃಹಸ್ಥ ದಿನಾ ಮಾಡಬೇಕಾದ ಪಂಚ ಮಹಾಯಜ್ಞಗಳಲ್ಲಿ ಬ್ರಹ್ಮಯಜ್ಞ ಎಂದರೆ ಇದೇ, ದಿನವೂ ತನ್ನ ಶಾಖೆಯ ವೇದದ ಒಂದಿಷ್ಟು ಭಾಗ ಹೇಳುವುದು. ಅದು ಸಣ್ಣದಾಗುತ್ತಾ ಬಂದು ಈಗ ನಾಲ್ಕು ವೇದಗಳ ಮೊದಲ ಮಂತ್ರಗಳಿಗೆ ನಿಂತಿದೆ: ಅಗ್ನಿಮೀಳೇ ಪುರೋಹಿತಂ, ಇಷೇ ತ್ವೋರ್ಜೇ ತ್ವಾ, ಅಗ್ನ ಆಯಾಹಿ ವೀತಯೇ, ಶಂ ನೋ ದೇವೀರಭಿಷ್ಟಯೇ. ಒಂದೆರಡು ನಿಮಿಷದ ಕೆಲಸ. ಬಹಳ ಮನೆಗಳಲ್ಲಿ ಅದೂ ವರ್ಷಕ್ಕೊಮ್ಮೆ, ಜನಿವಾರ ಬದಲಿಸುವ ಉಪಾಕರ್ಮದ ದಿನ ಮಾತ್ರ. ಜೊತೆಗೆ ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆ ಅನಧ್ಯಯನದ ದಿನಗಳು, ಪಾಠಕ್ಕೆ ರಜೆ.

ಇನ್ನು ಹೆಂಗಸರಿಗೆ, ಶೂದ್ರರಿಗೆ ಈ ಬಾಗಿಲೇ ತೆರೆದಿರಲಿಲ್ಲ. ಇದನ್ನು ಮುಚ್ಚಿಟ್ಟು ಉತ್ತರ ಕೊಡುವವರನ್ನು ನಂಬಬೇಡಿ. ಅವರಿಗೆ ವೇದ ಕಿವಿಗೂ ಬೀಳುವಂತಿಲ್ಲವಾದ್ದರಿಂದಲೇ ವ್ಯಾಸರು ಭಾರತ ರಚಿಸಿದರು ಎಂದು ಭಾಗವತದ ಮೊದಲ ಸ್ಕಂಧವೇ ಹೇಳುತ್ತದೆ. ಬಹುಪಾಲು ಜನರನ್ನು ಗ್ರಂಥದಿಂದ ದೂರ ಇಟ್ಟು, ಈಗ "ಯಾರೂ ಓದುವುದಿಲ್ಲ" ಎಂದು ಹಲುಬುವುದರಲ್ಲಿ ನ್ಯಾಯವಿಲ್ಲ.

ಅವರಿಗೆಲ್ಲ ಕಥೆ ಸಿಕ್ಕಿದ್ದು ಕಿವಿಯ ಮೂಲಕ. ಭಾಗವತದ ನವವಿಧ ಭಕ್ತಿಯಲ್ಲಿ ಶ್ರವಣ ಮೊದಲನೆಯದು, ಕೀರ್ತನ ಎರಡನೆಯದು. ಒಂಬತ್ತರಲ್ಲಿ ಓದು ಎನ್ನುವುದು ಬೇರೆಯಾಗಿ ಇಲ್ಲವೇ ಇಲ್ಲ. ಗೀತೆಯ ಕೊನೆಯಲ್ಲೂ (18.70, 71) ಅಧ್ಯಯನ ಮಾಡಿದವನಿಗೆ ಒಂದು ಫಲ ಹೇಳಿ, ಬೆನ್ನಿಗೇ "ಶೃಣುಯಾದಪಿ", ಶ್ರದ್ಧೆಯಿಂದ ಬರೀ ಕೇಳಿದವನಿಗೂ ಬಿಡುಗಡೆ ಇದೆ ಎನ್ನುತ್ತದೆ. ನಮ್ಮ ಕಡೆ ಇದಕ್ಕೆ ಗಮಕ (ಕಾವ್ಯವನ್ನು ರಾಗವಾಗಿ ವಾಚಿಸುವುದು), ಹರಿಕಥೆ, ತಾಳಮದ್ದಳೆ, ದೇವಸ್ಥಾನದ ಪುರಾಣ ಪ್ರವಚನ ಎಲ್ಲ ಇದ್ದವು. ಕುಮಾರವ್ಯಾಸ ಭಾರತದಲ್ಲಿ ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಅದನ್ನು ಪುಸ್ತಕ ಹಿಡಿದು ಮುಗಿಸಿದವರು ಎಷ್ಟು ಜನವೋ, ಆದರೆ ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ ಮಾಡುವಾಗ ಅಕ್ಷರ ಬಾರದವರೂ ಕೂತು ಕೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಮಳೆ ಬರಲೆಂದು ವಿರಾಟಪರ್ವ ಓದಿಸುತ್ತಿದ್ದುದೂ ಹೀಗೆಯೇ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗಲೇ ಎಷ್ಟೋ ಜನಕ್ಕೆ ಗಮಕ ಎಂಬುದೊಂದು ಇದೆ ಅಂತ ಗೊತ್ತಾಗಿದ್ದು, ಅದು ಬೇರೆ ಮಾತು. ಮಾಧ್ವರ ಮನೆಗಳಲ್ಲಿ ಜಗನ್ನಾಥದಾಸರ ಹರಿಕಥಾಮೃತಸಾರದ ಒಂದೊಂದು ಸಂಧಿ (ಅಧ್ಯಾಯ) ಹೇಳುವ ಪದ್ಧತಿ ಇಂದಿಗೂ ಇದೆ. ವಿಷ್ಣು ಸಹಸ್ರನಾಮ ದಿನಾ ಹೇಳುವವರಂತೂ ಬೀದಿಗೆ ನಾಲ್ಕು ಜನ ಸಿಗುತ್ತಾರೆ, ಅದು ಮಹಾಭಾರತದ ಅನುಶಾಸನ ಪರ್ವದ ಭಾಗ. ನಿಮ್ಮ ಅಜ್ಜಿ ಅರ್ಧ ಗಂಟೆ ಸಹಸ್ರನಾಮ ಹೇಳುತ್ತಿದ್ದರೆ ಅವರೂ ದಿನಾ ಗ್ರಂಥ ಓದುತ್ತಿದ್ದವರೇ. ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಗಾತ್ರವನ್ನೂ ನೋಡಿ. ಬೈಬಲ್‌ನಂತೆ ಒಂದೇ ಸಂಪುಟ ನಮ್ಮಲ್ಲಿಲ್ಲ. ಋಗ್ವೇದದಲ್ಲಿ 1028 ಸೂಕ್ತ, ವಾಲ್ಮೀಕಿ ರಾಮಾಯಣ 24,000 ಶ್ಲೋಕ, ಮಹಾಭಾರತಕ್ಕೆ ಲಕ್ಷ ಶ್ಲೋಕ ಎಂದೇ ಹೆಸರು. ದಿನಕ್ಕೆ ಹತ್ತು ಶ್ಲೋಕ ಓದಿದರೆ ಲಕ್ಷ ಮುಗಿಯಲು 27 ವರ್ಷಕ್ಕೂ ಹೆಚ್ಚು ಬೇಕು. ಪಾರಾಯಣದ ಲೆಕ್ಕ ಇನ್ನೊಂದು ತುದಿ: ಭಾಗವತ ಸಪ್ತಾಹ ಎಂದರೆ 335 ಅಧ್ಯಾಯ ಏಳು ದಿನದಲ್ಲಿ, ದಿನಕ್ಕೆ ಸುಮಾರು 48. ಅದು ವ್ರತ. ಅರ್ಥ ಮಾಡಿಕೊಳ್ಳುತ್ತಾ ಓದುವ ವೇಗವಲ್ಲ.

ಗೀತೆಯನ್ನು ಜನಸಾಮಾನ್ಯರು ಕೈಯಲ್ಲಿ ಹಿಡಿಯುವ ಪುಸ್ತಕ ಮಾಡಿದ್ದು ಅಚ್ಚಿನ ಕಾಲ. ಗೋರಖ್‌ಪುರದ ಗೀತಾ ಪ್ರೆಸ್ ಶುರುವಾಗಿದ್ದು 1923ರಲ್ಲಿ. ಗಾಂಧಿಯವರ ಆಶ್ರಮಗಳ ಸಂಜೆ ಪ್ರಾರ್ಥನೆಗೆ ಎರಡನೇ ಅಧ್ಯಾಯದ ಕೊನೆಯ 19 ಶ್ಲೋಕ ಸೇರಿದ್ದೂ ಅದೇ ಕಾಲದಲ್ಲಿ. ಅಂದರೆ ನೀವು ಹುಡುಕುತ್ತಿರುವ ಅಭ್ಯಾಸಕ್ಕೆ ನೂರು ವರ್ಷ ಆಗಿದೆ, ಹೆಚ್ಚೇನಿಲ್ಲ.

ಈಗ ನಿಮ್ಮ ಓದು ನಿಂತ ಜಾಗಕ್ಕೆ ಬರೋಣ. ಮೊದಲ ಅಧ್ಯಾಯದ 47 ಶ್ಲೋಕದಲ್ಲಿ ಅರ್ಧಕ್ಕರ್ಧ ಸೈನ್ಯದ ವರ್ಣನೆ, ಯೋಧರ ಹೆಸರು, ಯಾರ ಶಂಖ ಯಾವುದು, ಪಾಂಚಜನ್ಯ, ದೇವದತ್ತ, ಪೌಂಡ್ರ, ಅನಂತವಿಜಯ. ಅದನ್ನು ದಾಟಿದರೆ 72 ಶ್ಲೋಕದ ಎರಡನೇ ಅಧ್ಯಾಯ. "ದಿನಕ್ಕೊಂದು ಅಧ್ಯಾಯ, ಹದಿನೆಂಟು ದಿನಕ್ಕೆ ಗೀತೆ" ಅಂತ ಹೊರಟವರು ಎರಡನೇ ದಿನವೇ ಸುಸ್ತಾಗುವುದು ಇದಕ್ಕೇ. ಶಂಕರರೇ ಪದಪದಕ್ಕೂ ಭಾಷ್ಯ ಬರೆಯಲು ತೊಡಗುವುದು ಎರಡನೇ ಅಧ್ಯಾಯದ 11ನೇ ಶ್ಲೋಕದಿಂದ. ಹಾಗಿರುವಾಗ ನೀವು ಮೊದಲ ಅಧ್ಯಾಯವನ್ನು ಆಮೇಲೆ ಓದಿದರೆ ಪಾಪವೇನೂ ಬರುವುದಿಲ್ಲ.

12ನೇ ಅಧ್ಯಾಯದಿಂದ ಶುರು ಮಾಡಿ. ಇಪ್ಪತ್ತೇ ಶ್ಲೋಕ. ದಿನಕ್ಕೆ ಮೂರರಂತೆ ಒಂದು ವಾರ. ಆಮೇಲೆ 15, ಅದೂ ಇಪ್ಪತ್ತು. ನಂತರ 2ನೇ ಅಧ್ಯಾಯದ 54ರಿಂದ 72, ಸ್ಥಿತಪ್ರಜ್ಞನ, ಅಂದರೆ ಬುದ್ಧಿ ನೆಲೆನಿಂತವನ ಭಾಗ. ಆಮೇಲೆ 16, 17. ಇಷ್ಟಾಗುವ ಹೊತ್ತಿಗೆ ಭಾಷೆಯ ಜಾಡು ಸಿಕ್ಕಿರುತ್ತದೆ, 3ಕ್ಕೆ ಹೋಗಬಹುದು. ಒಟ್ಟು 700 ಶ್ಲೋಕ, ದಿನಕ್ಕೆ ಎರಡೇ ಓದಿದರೂ ವರ್ಷದೊಳಗೆ ಮುಗಿಯುತ್ತದೆ.

ಪುಸ್ತಕ ಕೊಳ್ಳುವಾಗ ಒಳಗೆ ತೆರೆದು ನೋಡಿ. ಮೂಲ ಶ್ಲೋಕ ಕನ್ನಡ ಲಿಪಿಯಲ್ಲಿ, ಪದಚ್ಛೇದ (ಕೂಡಿದ ಪದಗಳನ್ನು ಬಿಡಿಸಿದ್ದು), ಪ್ರತಿಪದಾರ್ಥ, ತಾತ್ಪರ್ಯ, ನಾಲ್ಕೂ ಇರಬೇಕು. ಬರೀ ತಾತ್ಪರ್ಯದ ಪುಸ್ತಕ ಬೇಗ ಬೇಜಾರಾಗುತ್ತದೆ, ಎಲ್ಲ ಶ್ಲೋಕವೂ ಒಂದೇ ಥರ ಉಪದೇಶದಂತೆ ಕೇಳಿಸುತ್ತದೆ. ಪದಚ್ಛೇದ ಇಲ್ಲದಿದ್ದರೆ ಸಂಧಿಯಲ್ಲೇ ಸಿಕ್ಕಿಬೀಳುತ್ತೀರಿ. 12ನೇ ಅಧ್ಯಾಯದ 15ನೇ ಶ್ಲೋಕ ನೋಡಿ: "ಯಸ್ಮಾನ್ನೋದ್ವಿಜತೇ ಲೋಕೋ ಲೋಕಾನ್ನೋದ್ವಿಜತೇ ಚ ಯಃ". ಹಾಗೇ ಓದಿದರೆ ನಾಲಿಗೆ ತೊಡರುತ್ತದೆ. ಬಿಡಿಸಿದರೆ ಯಸ್ಮಾತ್, ನ, ಉದ್ವಿಜತೇ, ಲೋಕಃ. ಲೋಕಾತ್, ನ, ಉದ್ವಿಜತೇ, ಚ, ಯಃ. ಯಾರಿಂದ ಲೋಕಕ್ಕೆ ಕಳವಳವಿಲ್ಲವೋ, ಲೋಕದಿಂದ ಯಾರಿಗೆ ಕಳವಳವಿಲ್ಲವೋ, ಅವನು. ಸಂಸ್ಕೃತ ಪರೀಕ್ಷೆ ಕಟ್ಟದೆಯೂ ಇದು ಅರ್ಥವಾಗುತ್ತದೆ, ಏಕೆಂದರೆ ಲೋಕ, ಉದ್ವೇಗ ಎರಡೂ ಕನ್ನಡದಲ್ಲೇ ಓಡಾಡುವ ಪದ. ಕನ್ನಡ ಓದುಗರಿಗೆ ಇರುವ ಈ ಅನುಕೂಲವನ್ನು ನಾವು ಬಳಸಿಕೊಳ್ಳುವುದು ಕಡಿಮೆ.

ಓದುವ ಕ್ರಮ ಹೀಗಿರಲಿ: ಶ್ಲೋಕವನ್ನು ಗಟ್ಟಿಯಾಗಿ ಎರಡು ಸಲ, ಬಹುಪಾಲು ಶ್ಲೋಕಗಳಲ್ಲಿ ಎಂಟೆಂಟು, ಕೆಲವದರಲ್ಲಿ ಹನ್ನೊಂದು ಅಕ್ಷರಕ್ಕೆ ಪಾದ ನಿಲ್ಲಿಸಿ. ಆಮೇಲೆ ಪದಚ್ಛೇದ, ಪ್ರತಿಪದಾರ್ಥ. ಪುಸ್ತಕದ ತಾತ್ಪರ್ಯ ನೋಡುವ ಮುಂಚೆ ನಿಮ್ಮ ಮಾತಿನಲ್ಲಿ ಒಂದು ವಾಕ್ಯ ಕಟ್ಟಿ. ಕೊನೆಗೆ ಮೂಲವನ್ನು ಇನ್ನೊಮ್ಮೆ. ಮೂರು ಶ್ಲೋಕಕ್ಕೆ ಹತ್ತರಿಂದ ಹನ್ನೆರಡು ನಿಮಿಷ. ಕಣ್ಣಲ್ಲೇ ಓದಿದರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ, ಸಂಜೆಗೆ ಒಂದೂ ನೆನಪಿರುವುದಿಲ್ಲ. ಬಾಯಲ್ಲಿರಲೆಂದೇ ಕಟ್ಟಿದ ಛಂದಸ್ಸು ಅದು.

ಭಾಷ್ಯಗಳನ್ನು ಮೊದಲ ಸುತ್ತಿನಲ್ಲಿ ಮುಟ್ಟಬೇಡಿ. ಶಂಕರ, ರಾಮಾನುಜ, ಮಧ್ವ ಮೂವರನ್ನೂ ಒಟ್ಟಿಗೆ ತೆರೆದು ಕೂತವರು ಗೀತೆ ಬಿಟ್ಟು ವಾದಕ್ಕೆ ಬೀಳುತ್ತಾರೆ. ಎರಡನೇ ಸುತ್ತಿಗೆ ನಿಮ್ಮ ಒಲವಿನ ಒಂದು ಸಾಕು. ಶಾಂಕರಭಾಷ್ಯ ಕನ್ನಡದಲ್ಲಿ ಬೇಕಾದರೆ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ್ದು ಸಿಗುತ್ತದೆ.

ಇನ್ನು ಮಡಿಯ ಪ್ರಶ್ನೆ. ಓದು ತಪ್ಪುವುದು ಬಹಳ ಸಲ ಇಲ್ಲೇ. ಸ್ನಾನ ಆಗಿಲ್ಲ, ಮುಟ್ಟು, ಸೂತಕ, ಊರಿಗೆ ಹೋಗಿದ್ದೆ, ಹೀಗೆ ನಾಲ್ಕು ದಿನ ತಪ್ಪುತ್ತದೆ. ತಪ್ಪಿದ್ದಕ್ಕೆ ಅಳುಕು, ಅಳುಕಿನಿಂದ ಪುಸ್ತಕ ಕೆಂಪು ಬಟ್ಟೆಯೊಳಗೆ ಸೇರಿ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಸಂಕಲ್ಪ ಮಾಡಿ ಹಿಡಿದ ಪಾರಾಯಣಕ್ಕೆ ನಿಯಮ ಇವೆ, ಅವನ್ನು ನಿಮ್ಮ ಸಂಪ್ರದಾಯದವರನ್ನು ಕೇಳಿ ನಡೆಸಿ. ಅರ್ಥಕ್ಕಾಗಿ ಓದುವಾಗ ಸಂಕಲ್ಪವನ್ನೇ ಮಾಡಬೇಡಿ, ಪುಸ್ತಕವನ್ನು ದೇವರಮನೆಯಲ್ಲಿ ಇಡಬೇಡಿ. ಕಾಫಿ ಕುಡಿಯುವ ಜಾಗದಲ್ಲಿರಲಿ. ಗಾಂಧಿ ಶ್ಲೋಕಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಬೆಳಿಗ್ಗೆ ಹಲ್ಲುಜ್ಜುವ ಹದಿನೈದು ನಿಮಿಷದಲ್ಲಿ ನೋಡುತ್ತಾ ಹದಿಮೂರು ಅಧ್ಯಾಯ ಬಾಯಿಪಾಠ ಮಾಡಿದ್ದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಲ್ಲುಜ್ಜುವಾಗ ಎಲ್ಲಿಯ ಮಡಿ! ಒಂದು ದಿನ ತಪ್ಪಿದರೆ ಮಾರನೆಯ ದಿನ ಆರು ಶ್ಲೋಕಕ್ಕೆ ಕೈಹಾಕದೆ ನಿಂತಲ್ಲಿಂದ ಮೂರೇ ಓದಿ. ಬಾಕಿ ತೀರಿಸಲು ಹೋದವರೇ ಬೇಗ ಬಿಡುವುದು.

ಮಹಾಭಾರತವನ್ನು ಮನೆಯಲ್ಲಿ ಓದಿದರೆ ಜಗಳ ಆಗುತ್ತದೆ ಅಂತ ಯಾರಾದರೂ ಹೆದರಿಸಿದರೆ, ಸಹಸ್ರನಾಮವೂ ಗೀತೆಯೂ ಅದರೊಳಗಿನದೇ ಅಂತ ಹೇಳಿ. ಗೀತೆ ಒಂದು ಸುತ್ತು ಆದ ಮೇಲೆ ಕುಮಾರವ್ಯಾಸನ ಉದ್ಯೋಗಪರ್ವ ಹಿಡಿಯಿರಿ, ಮೊದಲು ಗಮಕದ ಧ್ವನಿಮುದ್ರಿಕೆ ಕೇಳಿ, ಆಮೇಲೆ ಅದೇ ಸಂಧಿಯನ್ನು ಪುಸ್ತಕದಲ್ಲಿ. ಹಳಗನ್ನಡದ ಭಯ ಬೇಡ, ಅದು ನಡುಗನ್ನಡ. ಒಂದು ಸಂಧಿ ಕೇಳುವಷ್ಟರಲ್ಲಿ ಕಿವಿ ಹೊಂದಿಕೊಳ್ಳುತ್ತದೆ.