ಮಳೆಗಾಲದಲ್ಲಿ ಜಿಮ್ ಇಲ್ಲದೆ ಮನೆಯಲ್ಲೇ ವ್ಯಾಯಾಮ ಮಾಡೋದು ಹೇಗೆ?

ತೀರ್ಥಹಳ್ಳಿ ಹತ್ತಿರದ ಹಳ್ಳಿ, ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ, ಜಿಮ್ ಇಲ್ಲ, ಮಳೆ ಹಿಡಿದ ಮೇಲೆ ವಾಕಿಂಗೂ ನಿಂತಿದೆ ಅಂತ ಬರೆದಿದ್ದೀರಿ. ನಮ್ಮದು ಹೊಸನಗರದ ಕಡೆ. ಅಂಗಳದ ತುಂಬ ಹಾವಸೆ, ದರೆ (ಮಣ್ಣಿನ ದಿಬ್ಬ) ಹತ್ತಿರ ಹೋದರೆ ಉಂಬಳ (ಜಿಗಣೆ). ಹಾಗಾಗಿ ನಿಮ್ಮ ಕಷ್ಟ ಚೆನ್ನಾಗಿ ಗೊತ್ತು.

ಬೇರೇನೂ ಆಗದಿದ್ದರೂ ಬಸ್ಕಿ ಬಿಡಬೇಡಿ. ದಿನವಿಡೀ ಕೂತವರಿಗೆ ಮೊದಲು ಸೋಲೋದು ತೊಡೆ ಮತ್ತು ಪೃಷ್ಠದ ಸ್ನಾಯುಗಳು. ಮೈಯಲ್ಲಿ ದೊಡ್ಡ ಸ್ನಾಯುಗಳೂ ಅವೇ, ಅವಕ್ಕೆ ಕೆಲಸ ಕೊಟ್ಟರೆ ಎದೆಬಡಿತವೂ ಏರುತ್ತೆ. ಪಾದ ಭುಜದಷ್ಟು ಅಗಲಕ್ಕಿಡಿ. ಹಿಂದೆ ಮಣೆ ಇದೆ ಅಂದುಕೊಂಡು ಸೊಂಟವನ್ನು ಹಿಂದಕ್ಕೆ ತಳ್ಳುತ್ತಾ ಇಳಿಯಿರಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು. ಇಳಿಯೋದು ನಿಧಾನ, ಏಳೋದು ಚುರುಕು. ಸುಲಭ ಅನ್ನಿಸತೊಡಗಿದಾಗ 5 ಕಿಲೋ ಅಕ್ಕಿ ಚೀಲ ಎದೆಗವಚಿಕೊಂಡು ಮಾಡಿ. ಆಷಾಢದಲ್ಲಿ ನಮ್ಮ ಕಾವಿ ನೆಲ ಬೆವರುತ್ತಲ್ಲ, ಮೊದಲು ಒಣಬಟ್ಟೆಯಲ್ಲಿ ಒರೆಸಿ, ಬರಿಗಾಲಲ್ಲೇ ನಿಲ್ಲಿ.

ದಮ್ಮಿಗೆ ಜಗಲಿ ಮೆಟ್ಟಿಲು ಸಾಕು, ಹತ್ತಿ ಇಳಿಯಿರಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ ಬೇಕು ಅನ್ನುತ್ತೆ. ಒಮ್ಮೆಗೆ ಕನಿಷ್ಠ 10 ನಿಮಿಷ ಇರಲೇಬೇಕು ಅನ್ನೋ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದ್ದಾರೆ. ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲ: ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗೋ ಮುಂಚೆ ಹತ್ತಿಳಿದ ನಾಲ್ಕು ನಿಮಿಷವೂ ಲೆಕ್ಕಕ್ಕೆ ಬರುತ್ತೆ.

ಕೈ, ಎದೆಗೆ ದಂಡ ಹೊಡೆಯಿರಿ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಕೊಟ್ಟು ಶುರುಮಾಡಿ, ಆಮೇಲೆ ಜಗಲಿ ಕಟ್ಟೆಗೆ ಇಳಿಯಿರಿ. ಸೂರ್ಯ ನಮಸ್ಕಾರ ಬರುತ್ತಿದ್ದರೆ ಬೆನ್ನು ಸಡಿಲವಾಗೋಕೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಮನೆಗೆಲಸವೇ ವ್ಯಾಯಾಮ ಅಲ್ವಾ ಅಂತ ಕೇಳಿದ್ದೀರಿ. ಅದು ಯಾವ ಕೆಲಸ ಅನ್ನೋದರ ಮೇಲಿದೆ. ಸೊಪ್ಪಿನ ಹೊರೆ ಹೊರೋದು, ಬಾವಿ ಸೇದೋದು ಖಂಡಿತ ವ್ಯಾಯಾಮವೇ. ಆದರೆ ಸುಗ್ಗಿಯಲ್ಲಿ ಮೆಟ್ಟುಕತ್ತಿ ಮುಂದೆ ಕೂತು ರಾತ್ರಿಯೆಲ್ಲ ಅಡಿಕೆ ಸುಲಿದರೆ ಕೈ ಸೋಲುತ್ತೆ, ಕಾಲು ಮರಗಟ್ಟುತ್ತೆ. ಅಂಥ ದಿನವೂ ನಡುನಡುವೆ ಎದ್ದು ಹತ್ತು ಬಸ್ಕಿ ತೆಗೆಯಲೇಬೇಕು.

ಮಂಡಿ ನೋವಿರುವ ನಿಮ್ಮ ಅಮ್ಮನಿಗೆ ಪೂರ್ತಿ ಬಸ್ಕಿ ಹೇಳಬೇಡಿ. ಗೋಡೆಗೆ ಒತ್ತಿಟ್ಟ, ಎತ್ತರದ ಗಟ್ಟಿ ಕುರ್ಚಿಯಿಂದ ಕೈ ಊರಿಯೇ ಎದ್ದು ಕೂರಲಿ, ನಾಲ್ಕೈದು ಸಲ. ರೂಢಿಯಾದಂತೆ ಕೈಯೂರೋದನ್ನು ಕಡಿಮೆ ಮಾಡಲಿ. ಮಂಡಿ ಊದಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.